ಕೊಂಡ ಕಸರತ್ತು ಮನೆಯ ಪರದೆಗೆ ಬರುವ ಬಗೆ

ಹಣ ಕೊಟ್ಟು ಕೊಂಡ ವ್ಯಾಯಾಮದ ವಿಡಿಯೊ ಮನೆಯ ಟಿವಿಯಲ್ಲಿ ಓಡದೆ ನಿಂತಾಗ ತಪ್ಪನ್ನು ಟಿವಿಯ ಮೇಲೋ ನೆಟ್‌ನ ಮೇಲೋ ಹೊರಿಸುವುದು ವಾಡಿಕೆಯಾದರೂ, ಬಹುತೇಕ ತೊಡಕುಗಳ ಬೇರು ಅದಕ್ಕೂ ಹಿಂದೆ, ಖರೀದಿಯ ಹೊತ್ತಿನಲ್ಲಿ ಕೊಳ್ಳುತ್ತಿರುವುದು ಏನನ್ನು ಎಂದು ವಿಚಾರಿಸದೆ ಹೋದದ್ದರಲ್ಲೇ ಇರುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದಲ್ಲಿ ಈ ವಿಚಾರಣೆಗೆ ಹೆಚ್ಚಿನ ತೂಕವಿದೆ. ಏಕೆಂದರೆ ತಾಲ್ಲೂಕು ಪಟ್ಟಣದ ಮನೆಗಳಿಗೆ ಫೈಬರ್ ನೆಟ್ ಸಿಗುವಂತಿದ್ದರೂ ಲಿಂಬೆ ತೋಟಗಳ ನಡುವಿನ ವಸ್ತಿಗಳಲ್ಲಿ ಇರುವವರಿಗೆ ಮೊಬೈಲ್ ಡೇಟಾ ಒಂದೇ ಗತಿಯಾಗಿದ್ದು, ಅದೂ ದಿನಕ್ಕೆ ಇಷ್ಟೆಂಬ ಮಿತಿಗೆ ಒಳಪಟ್ಟಿರುತ್ತದೆ. ಇಂಥ ಕಡೆ ನೆಟ್ ಇದ್ದಾಗ ಇಳಿಸಿಕೊಂಡು, ಇಲ್ಲದಾಗಲೂ ನೋಡಲು ಬರುವ ವಿಡಿಯೊ ಮಾತ್ರ ಕೊಟ್ಟ ಹಣಕ್ಕೆ ನ್ಯಾಯ ಒದಗಿಸೀತು.

ಈ ಸೀಮೆಗೆ ಮೈ ಹುರಿಗೊಳಿಸುವ ಶಿಸ್ತು ಹೊಸದೇನಲ್ಲ. ಇಲ್ಲಿಯವರು ತಾಲೀಮು ಎಂದು ಕರೆಯುವ ಗರಡಿ ಮನೆಗಳಲ್ಲಿ ವಸ್ತಾದಿಯ ಕಣ್ಣೆದುರು ದಂಡ, ಬೈಠಕ್ ಹೊಡೆದು ಬೆಳೆದ ಪೈಲವಾನರು ಜಾತ್ರೆಯ ಕುಸ್ತಿಗೆ ಇಳಿಯುವುದೂ, ಸಂಗ್ರಾಣಿ ಕಲ್ಲು ಎತ್ತಿ ಊರಿನ ಮೆಚ್ಚುಗೆ ಗಳಿಸುವುದೂ ಇಂದಿಗೂ ಉಂಟು. ಆದರೆ ತಾಲೀಮು ಹೆಚ್ಚಾಗಿ ಗಂಡಸರ, ಅದರಲ್ಲಿಯೂ ಹರೆಯದವರ ಲೋಕ. ಹೆಣ್ಣುಮಕ್ಕಳು, ಐವತ್ತು ದಾಟಿದವರು, ಸಕ್ಕರೆ ಕಾಯಿಲೆಗೋ ಮಂಡಿನೋವಿಗೋ ವ್ಯಾಯಾಮ ಮಾಡಬೇಕೆಂದು ವೈದ್ಯರಿಂದ ಹೇಳಿಸಿಕೊಂಡವರು ಪಡಸಾಲೆಯ ಬಾಗಿಲು ಮುಂದೆ ಮಾಡಿಕೊಂಡು ಮನೆಯಲ್ಲೇ ಅಭ್ಯಾಸ ಮಾಡಬೇಕಾದಾಗ ಪರದೆಯ ಮೇಲಿನ ಶಿಕ್ಷಕಿಯೇ ವಸ್ತಾದಿಯ ಸ್ಥಾನಕ್ಕೆ ಬರುತ್ತಾಳೆ.

ದೂರದಲ್ಲಿರುವ ಗುರುವಿನ ಪಾಠವನ್ನು ಹಣ ಕೊಟ್ಟು ತರಿಸಿಕೊಳ್ಳುವ ಪದ್ಧತಿಗೂ ಕನ್ನಡ ನಾಡಿನಲ್ಲಿ ಒಂದು ಪೂರ್ವೇತಿಹಾಸವಿದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದ ಕೆ.ವಿ. ಅಯ್ಯರ್ ಅವರು ಅಂಚೆಯ ಮೂಲಕ ದೇಹದಾರ್ಢ್ಯದ ಪಾಠಗಳನ್ನು ಕಳುಹಿಸುತ್ತಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಅವರನ್ನು ಬಲ್ಲ ಓದುಗರಲ್ಲಿ ಹಲವರಿಗೆ ಈ ಇನ್ನೊಂದು ಮುಖ ಅಷ್ಟಾಗಿ ಪರಿಚಿತವಿಲ್ಲ. ವಿಜಯಪುರ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಗುಣದಾಳ ಭಾಗವು ಸ್ವಾತಂತ್ರ್ಯಪೂರ್ವದಲ್ಲಿ ಮಹಾರಾಷ್ಟ್ರದ ಔಂಧ ಸಂಸ್ಥಾನಕ್ಕೆ ಸೇರಿದ್ದು, ಅದರ ಅರಸ ಭವಾನರಾವ್ ಪಂತಪ್ರತಿನಿಧಿ ತನ್ನ ಸಂಸ್ಥಾನದ ಶಾಲೆಗಳಲ್ಲಿ ಸೂರ್ಯನಮಸ್ಕಾರವನ್ನು ಕಡ್ಡಾಯಗೊಳಿಸಿದ್ದಲ್ಲದೆ ಪುಸ್ತಕದ ಮೂಲಕವೂ ಅದನ್ನು ಮನೆಮನೆಗೆ ತಲುಪಿಸಲು ಹೊರಟಿದ್ದ. ಪುಸ್ತಕದ ಜಾಗಕ್ಕೆ ಚಲಿಸುವ ಚಿತ್ರ ಬಂದದ್ದು ಬಹಳ ತಡವಾಗಿ: ಅಮೆರಿಕದ ನಟಿ ಜೇನ್ ಫೋಂಡಾ ಅವರ ವ್ಯಾಯಾಮದ ಕ್ಯಾಸೆಟ್ 1982ರಲ್ಲಿ ಹೊರಬಂದ ಮೇಲೆ ಮನೆಯಲ್ಲಿ ವಿಡಿಯೊ ನೋಡಿ ಕಸರತ್ತು ಮಾಡುವುದು ಜಗತ್ತಿನ ಹಲವೆಡೆ ರೂಢಿಗೆ ಬಂದಿತು. ಕ್ಯಾಸೆಟ್ ಹೋಗಿ ವಿಸಿಡಿ, ವಿಸಿಡಿ ಹೋಗಿ ಡಿವಿಡಿ, ಅದೂ ಹೋಗಿ ಈಗ ಮೊಬೈಲ್‌ಗೆ ಬರುವ ಕೊಂಡಿ, ಅಂದರೆ ಲಿಂಕ್, ಉಳಿದಿದೆ. ಅಂಚೆಯಲ್ಲಿ ಬಂದ ಪಾಠವೂ ಅಂಗಡಿಯಲ್ಲಿ ಕೊಂಡ ಡಿವಿಡಿಯೂ ಕೈಗೆ ಬಂದ ಮೇಲೆ ಕೊಂಡವರ ವಸ್ತುವಾಗಿದ್ದವು. ಲಿಂಕ್‌ನ ಕಾಲದಲ್ಲಿ ಆ ಖಾತ್ರಿ ಹೋಗಿದೆ.

ಖರೀದಿಯೋ, ಲಾವಣಿಯೋ

ಇಂದು ಮಾರಾಟವಾಗುವ ವ್ಯಾಯಾಮದ ವಿಡಿಯೊಗಳಲ್ಲಿ ಎರಡು ಬಗೆ. ಮೊದಲನೆಯದು ಕಡತದ ಮಾರಾಟ: ಹಣ ಪಾವತಿಯಾದ ಮೇಲೆ ವಿಡಿಯೊದ ಕಡತವೇ, ಅಂದರೆ ಫೈಲ್, ಕೊಂಡವರ ಮೊಬೈಲಿಗೋ ಕಂಪ್ಯೂಟರಿಗೋ ಇಳಿಯುತ್ತದೆ, ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು, ಯಾವ ಪ್ಲೇಯರ್‌ನಲ್ಲಿ ಬೇಕಾದರೂ ತೆರೆಯಬಹುದು, ಮಾರಿದವರು ಅಂಗಡಿ ಮುಚ್ಚಿದರೂ ಅದು ಓಡುತ್ತದೆ. ಎರಡನೆಯದು ಅನುಮತಿಯ ಮಾರಾಟ: ಇಲ್ಲಿ ಸಿಗುವುದು ನೋಡುವ ಹಕ್ಕು ಮಾತ್ರ, ಅದೂ ಮಾರಿದವರ ಆ್ಯಪ್‌ನೊಳಗೆ, ಕೊಂಡವರ ಖಾತೆಯ ಮೂಲಕ. ಹೊಲವನ್ನು ಖರೀದಿ ಮಾಡಿ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಏರಿಸಿಕೊಳ್ಳುವುದಕ್ಕೂ ಅದೇ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ತೊಂದರೆಯೆಂದರೆ ಲಾವಣಿಯ ಗುಂಡಿಯ ಮೇಲೂ ‘ಖರೀದಿಸಿ’ ಎಂದೇ ಬರೆದಿರುತ್ತದೆ.

ಎರಡನೆಯ ಬಗೆಯ ಆ್ಯಪ್‌ಗಳಲ್ಲಿಯೂ ‘ಡೌನ್‌ಲೋಡ್’ ಎಂಬ ಗುರುತು ಇರುವುದರಿಂದ ಗೊಂದಲ ಹೆಚ್ಚುತ್ತದೆ. ಅದನ್ನು ಒತ್ತಿದಾಗ ವಿಡಿಯೊ ಮೊಬೈಲಿಗೆ ಇಳಿಯುವುದು ನಿಜವಾದರೂ, ಗೂಢಲಿಪಿಯಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿ ಆ್ಯಪ್‌ನ ಒಳಕೋಣೆಯಲ್ಲಿ ಕೂರುತ್ತದೆ. ಗ್ಯಾಲರಿಯಲ್ಲಿ ಕಾಣಿಸುವುದಿಲ್ಲ, ಬೇರೆ ಪ್ಲೇಯರ್‌ನಲ್ಲಿ ತೆರೆಯುವುದಿಲ್ಲ, ಮೆಮೊರಿ ಕಾರ್ಡಿಗೆ ಸಾಗಿಸಿದರೂ ಬೇರೆ ಮೊಬೈಲಿನಲ್ಲಿ ಓಡುವುದಿಲ್ಲ. ಈ ಬೀಗದ ವ್ಯವಸ್ಥೆಯನ್ನು ಡಿಆರ್‌ಎಂ, ಅಂದರೆ ಡಿಜಿಟಲ್ ಹಕ್ಕುಗಳ ನಿರ್ವಹಣೆ ಎನ್ನುತ್ತಾರೆ; ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಗೂಗಲ್‌ನ ವೈಡ್‌ವೈನ್, ಐಫೋನ್‌ಗಳಲ್ಲಿ ಆಪಲ್‌ನ ಫೇರ್‌ಪ್ಲೇ ಎಂಬ ತಂತ್ರಗಳು ಈ ಕೆಲಸ ಮಾಡುತ್ತವೆ. ಬೀಗಕ್ಕೆ ಅವಧಿಯೂ ಉಂಟು: ಎಷ್ಟೋ ಆ್ಯಪ್‌ಗಳು ಕೆಲವು ದಿನಗಳಿಗೊಮ್ಮೆ ನೆಟ್‌ಗೆ ಬಂದು ಖಾತೆ ಚಾಲ್ತಿಯಲ್ಲಿದೆಯೆಂದು ಖಚಿತಪಡಿಸದಿದ್ದರೆ ಇಳಿಸಿಕೊಂಡ ವಿಡಿಯೊವನ್ನೂ ತೆರೆಯಗೊಡುವುದಿಲ್ಲ. ವೈಡ್‌ವೈನ್‌ನಲ್ಲಿ ಎಲ್1, ಎಲ್3 ಎಂಬ ಭದ್ರತಾ ಮಟ್ಟಗಳಿದ್ದು, ಕೆಲವು ಅಗ್ಗದ ಮೊಬೈಲ್‌ಗಳಲ್ಲಿ ಎಲ್3 ಮಾತ್ರ ಇರುವುದರಿಂದ, ಪೂರ್ತಿ ಹಣ ತೆತ್ತವರಿಗೂ ಅನೇಕ ಆ್ಯಪ್‌ಗಳು ಮಸುಕು ಚಿತ್ರವನ್ನಷ್ಟೇ ತೋರಿಸುತ್ತವೆ. ಕೊಂಡವರು ಇದನ್ನು ನೆಟ್‌ನ ದೋಷವೆಂದು ತಿಳಿದು ರೀಚಾರ್ಜ್ ಮೇಲೆ ರೀಚಾರ್ಜ್ ಮಾಡಿಸುವುದುಂಟು.

ಆದ್ದರಿಂದ ಹಣ ಪಾವತಿಸುವ ಮೊದಲೇ ವಿವರದ ಪುಟದಲ್ಲಿ ಹುಡುಕಬೇಕಾದ ಸಂಗತಿಗಳು ಕೆಲವೇ. ಕಡತದ ಸ್ವರೂಪವನ್ನು, ಉದಾಹರಣೆಗೆ ಎಂಪಿ4 ಎಂದು, ಅದರ ಗಾತ್ರವನ್ನು, ಚಿತ್ರದ ಸ್ಪಷ್ಟತೆಯನ್ನು ನಮೂದಿಸಿದ್ದರೆ ಅದು ಬಹುತೇಕ ಕಡತದ ಮಾರಾಟವೇ ಆಗಿರುತ್ತದೆ. ‘ಆ್ಯಪ್‌ನಲ್ಲಿ ನೋಡಿ’, ‘ಒಂದು ವರ್ಷದ ಪ್ರವೇಶ’, ‘ಸದಸ್ಯತ್ವ ಇರುವವರೆಗೆ’ ಎಂಬ ಮಾತುಗಳಿದ್ದರೆ ಅದು ಅನುಮತಿ. ವಿಮಿಯೊ ಆನ್ ಡಿಮಾಂಡ್‌ನಂಥ ಮಾರಾಟ ತಾಣದಲ್ಲಿ ಕಡತ ಕೊಡಬೇಕೋ ಬೇಡವೋ ಎಂಬುದನ್ನು ವಿಡಿಯೊ ಮಾಡಿದವರೇ ನಿರ್ಧರಿಸುವುದರಿಂದ, ಒಂದೇ ತಾಣದ ಒಂದು ವಿಡಿಯೊ ಇಳಿಯುತ್ತದೆ, ಮತ್ತೊಂದು ಇಳಿಯುವುದಿಲ್ಲ. ‘ಜೀವಮಾನದ ಪ್ರವೇಶ’ ಎಂಬ ಆಕರ್ಷಕ ಮಾತಿನಲ್ಲಿರುವ ಜೀವಮಾನ ಕೊಂಡವರದಲ್ಲ, ಮಾರುವ ಸಂಸ್ಥೆಯದು. ಸಿನಿಮಾ ಖರೀದಿಗಳನ್ನು ಒಂದೆಡೆ ಕಾದಿಡುತ್ತೇನೆಂದು ಅಮೆರಿಕದ ದೊಡ್ಡ ಸ್ಟುಡಿಯೊಗಳ ಬೆಂಬಲದಿಂದ ಹುಟ್ಟಿದ ಅಲ್ಟ್ರಾವೈಲೆಟ್ ಸೇವೆಯೇ 2019ರ ಜುಲೈ 31ರಂದು ಬಾಗಿಲು ಹಾಕಿತೆಂದ ಮೇಲೆ ಚಿಕ್ಕ ಫಿಟ್‌ನೆಸ್ ಆ್ಯಪ್‌ಗಳ ಭರವಸೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ಓದುಗರೇ ಎಣಿಸಬಹುದು. ಇಂಡಿ, ಸಿಂದಗಿಯಂಥ ಕಡೆ ಇರುವವರಿಗೆ, ಬೆಲೆ ತುಸು ಹೆಚ್ಚಾದರೂ, ಕಡತ ಕೊಡುವವರಿಂದ ಕೊಳ್ಳುವುದೇ ಲೇಸು.

ಸದಸ್ಯತ್ವದ ರೂಪದಲ್ಲಿ ಕೊಳ್ಳುವವರು ತಿಂಗಳು ತಿಂಗಳೂ ಖಾತೆಯಿಂದ ತಾನಾಗಿ ಹಣ ಕಡಿತವಾಗಲು ಒಪ್ಪಿಗೆ ಕೊಡುತ್ತಿದ್ದೇವೆಂಬುದನ್ನು ಅರಿತಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು. ಯುಪಿಐ ಆ್ಯಪ್‌ನಲ್ಲಿರುವ ‘ಆಟೊಪೇ’ ವಿಭಾಗಕ್ಕೆ ಹೋಗಿ ಒಪ್ಪಿಗೆಯನ್ನು ರದ್ದುಗೊಳಿಸಲೂ ಬರುತ್ತದೆ. ಮೊಬೈಲಿನಿಂದ ಆ್ಯಪ್ ಅಳಿಸಿಹಾಕಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ.

ಹಾಗೆಯೇ, ಕೇವಲ ಯೋಗಾಭ್ಯಾಸ ಬೇಕಾದವರು ಕೊಳ್ಳುವ ಮೊದಲು ಆಯುಷ್ ಸಚಿವಾಲಯದ ‘ಸಾಮಾನ್ಯ ಯೋಗ ಶಿಷ್ಟಾಚಾರ’ವನ್ನು ಒಮ್ಮೆ ನೋಡುವುದು ಒಳ್ಳೆಯದು, ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನಕ್ಕಾಗಿ ರೂಪಿಸಿದ, ಸುಮಾರು 45 ನಿಮಿಷದ ಈ ಅಭ್ಯಾಸಕ್ರಮ ಪುಕ್ಕಟೆಯಾಗಿ ಸಿಗುತ್ತದೆ.

ಇಳಿಸಿಕೊಳ್ಳುವ ಲೆಕ್ಕಾಚಾರ

ವಿಡಿಯೊ ಕಡತದ ಗಾತ್ರವನ್ನು ನಿರ್ಧರಿಸುವುದು ಅದರ ಅವಧಿ ಮತ್ತು ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೂ ಧ್ವನಿಗೂ ಸೇರಿ ವ್ಯಯವಾಗುವ ದತ್ತಾಂಶದ ಪ್ರಮಾಣ. 720ಪಿ ಎಂದು ಗುರುತಿಸುವ ಮಧ್ಯಮ ಸ್ಪಷ್ಟತೆಯ ವಿಡಿಯೊ ಸೆಕೆಂಡಿಗೆ 2.5 ಮೆಗಾಬಿಟ್‌ನಂತೆ ತಯಾರಾಗಿದ್ದರೆ 40 ನಿಮಿಷದ ಒಂದು ಪಾಠಕ್ಕೆ ಸುಮಾರು 750 ಎಂಬಿ ಬೇಕು; 1080ಪಿ ಸ್ಪಷ್ಟತೆಗೆ 5 ಮೆಗಾಬಿಟ್ ಎಂದಿಟ್ಟುಕೊಂಡರೆ ಅದೇ ಪಾಠ 1.5 ಜಿಬಿ ಆಗುತ್ತದೆ. 4ಕೆ ಎಂಬ ಅತ್ಯುಚ್ಚ ಸ್ಪಷ್ಟತೆಗೆ 16 ಮೆಗಾಬಿಟ್ ಹಿಡಿದರೆ 4.8 ಜಿಬಿಗೆ ಏರುತ್ತದೆ. ದಿನಕ್ಕೆ 2 ಜಿಬಿ ಮಿತಿಯ ರೀಚಾರ್ಜ್ ಇರುವವರು 720ಪಿಯ ಎರಡು ಪಾಠಗಳನ್ನು, 1080ಪಿಯಾದರೆ ಒಂದನ್ನು ದಿನಕ್ಕೆ ಇಳಿಸಿಕೊಳ್ಳಬಲ್ಲರು. 4ಕೆಯ ಗೋಜಿಗೆ ಹೋಗುವಂತೆಯೇ ಇಲ್ಲ. ಅಷ್ಟಕ್ಕೂ ವ್ಯಾಯಾಮದ ವಿಡಿಯೊದಲ್ಲಿ ನೋಡಬೇಕಾದದ್ದು ಮೊಣಕಾಲು ಎಷ್ಟು ಮಡಚಿದೆ, ಬೆನ್ನು ನೆಟ್ಟಗಿದೆಯೇ ಎಂಬುದನ್ನೇ ಹೊರತು ಶಿಕ್ಷಕಿಯ ಬಟ್ಟೆಯ ನೇಯ್ಗೆಯನ್ನಲ್ಲ. ಆರು ಅಡಿ ದೂರದಿಂದ, 32 ಇಂಚಿನ ಟಿವಿಯಲ್ಲಿ, ಚಲಿಸುತ್ತಲೇ ನೋಡುವವರಿಗೆ 720ಪಿ ಧಾರಾಳವಾಗಿ ಸಾಕು.

ಮೂವತ್ತು ಪಾಠಗಳ ಒಂದು ಶಿಬಿರಕ್ಕೆ ಈ ಲೆಕ್ಕದಲ್ಲಿ 22.5 ಜಿಬಿ ಜಾಗ ಬೇಕು. ದಿನದ ಡೇಟಾ ಮಿತಿ ಸಾಮಾನ್ಯವಾಗಿ ಮಧ್ಯರಾತ್ರಿಗೆ ಹೊಸದಾಗುವುದರಿಂದ ಮಲಗುವ ಮುನ್ನ ಅಂದಿನ ಉಳಿಕೆಯಲ್ಲಿ ಒಂದು ಪಾಠ, ನಸುಕಿನಲ್ಲಿ ಹೊಸ ಡೇಟಾದಲ್ಲಿ ಮತ್ತೊಂದು ಎಂದು ಇಳಿಸಿಕೊಳ್ಳುವುದು ಜಾಣತನ. ಜನಸಂದಣಿಯಿಲ್ಲದ ನಸುಕಿನ ಹೊತ್ತಿನಲ್ಲಿ ವೇಗವೂ ಚೆನ್ನಾಗಿರುತ್ತದೆ. ಮಾರಾಟಗಾರರು ಇ-ಮೇಲ್‌ಗೆ ಕಳುಹಿಸುವ ಲಿಂಕ್‌ಗಳು ಎಷ್ಟೋ ವೇಳೆ ಕೆಲವು ದಿನಗಳಿಗೆ, ಇಲ್ಲವೇ ಇಂತಿಷ್ಟು ಸಲದ ಇಳಿಕೆಗೆ ಮಾತ್ರ ಸೀಮಿತವಾಗಿರುವುದರಿಂದ, ನಿಧಾನವಾಗಿ ನೋಡಿಕೊಂಡರಾಯಿತೆಂದು ಬಿಡುವುದು ಸಲ್ಲದು. ಹಲವು ಪಾಠಗಳನ್ನು ಒಂದೇ ಜಿಪ್ ಕಡತದಲ್ಲಿ, ಅಂದರೆ ಒತ್ತಿ ಕಟ್ಟಿದ ಒಂದೇ ಗಂಟಿನಲ್ಲಿ, ಕೊಟ್ಟಿದ್ದರೆ ಅದನ್ನು ಮೊಬೈಲಿನಲ್ಲಿ ಬಿಚ್ಚಲು ಗಂಟಿನಷ್ಟೇ ಮತ್ತೊಂದು ಪಾಲು ಜಾಗ ಖಾಲಿ ಇರಬೇಕಾಗುತ್ತದೆ. ಮೊಬೈಲಿನಲ್ಲಿ ಅಷ್ಟು ಜಾಗವಿಲ್ಲದವರು ಇದಕ್ಕೆ ಲ್ಯಾಪ್‌ಟಾಪ್ ಬಳಸುವುದೇ ಮೇಲು.

ಪುಣೆ, ಸೋಲಾಪುರ, ಬೆಂಗಳೂರುಗಳಲ್ಲಿ ದುಡಿಯುವ ಮಕ್ಕಳು ಅಲ್ಲಿನ ಮಿತಿಯಿಲ್ಲದ ನೆಟ್‌ನಲ್ಲಿ ಇಳಿಸಿ, ಹಬ್ಬಕ್ಕೆ ಊರಿಗೆ ಬರುವಾಗ ಪೆನ್‌ಡ್ರೈವ್‌ನಲ್ಲಿ ತಂದು ತಾಯಿತಂದೆಯ ಟಿವಿಗೆ ಜೋಡಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಈ ದಾರಿ ಕಡತದ ಖರೀದಿಗೆ ಮಾತ್ರ ತೆರೆದಿರುತ್ತದೆ.

ಪೆನ್‌ಡ್ರೈವ್‌ನಿಂದ ಟಿವಿಗೆ

ಪೆನ್‌ಡ್ರೈವ್ ಸಿಕ್ಕಿಸಿದಾಗ ಟಿವಿ ಅದನ್ನು ಗುರುತಿಸದಿದ್ದರೆ ಮೊದಲು ಶಂಕಿಸಬೇಕಾದದ್ದು ಅದರ ‘ಫಾರ್ಮ್ಯಾಟ್’ ಅನ್ನು. ಸಂಗ್ರಹದ ಸಾಧನದಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮಕ್ಕೆ ಕಡತವ್ಯವಸ್ಥೆ ಎಂದು ಹೆಸರು. ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಎಂಬ ಮೂರು ಹೆಚ್ಚು ಬಳಕೆಯಲ್ಲಿವೆ. ಫ್ಯಾಟ್32ಅನ್ನು ಹಳೆಯ ಹೊಸ ಎಲ್ಲ ಟಿವಿಗಳೂ ಓದುತ್ತವೆ, ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಇಡಲು ಬರುವುದಿಲ್ಲ. ಮೇಲೆ ಹೇಳಿದ 4ಕೆಯ ಪಾಠವನ್ನು ಅದಕ್ಕೆ ಹಾಕಹೊರಟರೆ ಪೆನ್‌ಡ್ರೈವ್ ಪೂರ್ತಿ ಖಾಲಿಯಿದ್ದರೂ ‘ಕಡತ ತುಂಬ ದೊಡ್ಡದು’ ಎಂಬ ಸಂದೇಶ ಬರುತ್ತದೆ. 64 ಜಿಬಿ ಮತ್ತು ಅದಕ್ಕೂ ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುವುದರಿಂದ ಹಳೆಯ ಟಿವಿಗಳು ಅವನ್ನು ಕಂಡೂ ಕಾಣದಂತಿರುತ್ತವೆ. 32 ಜಿಬಿಯ ಪೆನ್‌ಡ್ರೈವ್ ಕೊಂಡು ಫ್ಯಾಟ್32ರಲ್ಲಿಯೇ ಇಟ್ಟುಕೊಂಡು 720ಪಿ ವಿಡಿಯೊಗಳನ್ನು ಹಾಕುವವರಿಗೆ ಈ ಎರಡೂ ತೊಡಕು ಬಾಧಿಸುವುದಿಲ್ಲ. ಫಾರ್ಮ್ಯಾಟ್ ಬದಲಿಸಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಮದುವೆಯ ಫೋಟೊಗಳಿದ್ದ ಪೆನ್‌ಡ್ರೈವ್‌ನಲ್ಲಿ ಈ ಪ್ರಯೋಗ ಬೇಡ.

ಪೆನ್‌ಡ್ರೈವ್ ಕಂಡರೂ ವಿಡಿಯೊ ಓಡದಿದ್ದರೆ ಕಾರಣ ಕೋಡೆಕ್‌ನಲ್ಲಿದೆ. ಚಿತ್ರವನ್ನು ಕುಗ್ಗಿಸಿ ಕಟ್ಟುವ, ತೋರಿಸುವಾಗ ಬಿಚ್ಚುವ ಲೆಕ್ಕಾಚಾರಕ್ಕೆ ಕೋಡೆಕ್ ಎನ್ನುತ್ತಾರೆ. ಎಂಪಿ4 ಎಂಬುದು ಹೊರಗಿನ ಪೆಟ್ಟಿಗೆಯ ಹೆಸರಷ್ಟೇ ಆಗಿದ್ದು ಅದರೊಳಗೆ 2003ರಲ್ಲಿ ಬಂದ ಎಚ್.264 ಇರಬಹುದು, 2013ರಲ್ಲಿ ಬಂದ ಎಚ್.265 ಇರಬಹುದು. ಎರಡನೆಯದು ಕಡಿಮೆ ಜಾಗದಲ್ಲಿ ಅಷ್ಟೇ ಸ್ಪಷ್ಟತೆ ಕೊಡುತ್ತದೆಯಾದರೂ ಹಳೆಯ ಟಿವಿಗಳಿಗೆ ಅದನ್ನು ಬಿಚ್ಚಲು ಬಾರದು. ಆಗ ಧ್ವನಿ ಮಾತ್ರ ಕೇಳಿಸಿ ಪರದೆ ಕಪ್ಪಾಗಿರುತ್ತದೆ. ಇದರ ವಿಲೋಮವೂ ಉಂಟು: ಚಿತ್ರ ಓಡುತ್ತದೆ, ಧ್ವನಿಯಿಲ್ಲ. ಡಾಲ್ಬಿ, ಡಿಟಿಎಸ್ ಮೊದಲಾದ ಧ್ವನಿಯ ಕೋಡೆಕ್‌ಗಳಿಗೆ ಕೆಲವು ಟಿವಿಗಳಲ್ಲಿಯೂ ಮೊಬೈಲ್ ಪ್ಲೇಯರ್‌ಗಳಲ್ಲಿಯೂ ಪರವಾನಗಿ ಇಲ್ಲದಿರುವುದೇ ಇದಕ್ಕೆ ಕಾರಣ. ಕೊಳ್ಳುವಾಗ ಆಯ್ಕೆ ಇದ್ದರೆ ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ ಇರುವ ಎಂಪಿ4 ಕಡತವನ್ನು ಆರಿಸಿಕೊಂಡರೆ ಓಡದಿರುವ ಸಂಭವ ತೀರ ಕಡಿಮೆ. ಆಯ್ಕೆ ಇಲ್ಲದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ತಂತ್ರಾಂಶದಿಂದ ಬೀಗವಿಲ್ಲದ ಕಡತವನ್ನು ಆ ರೂಪಕ್ಕೆ ಪರಿವರ್ತಿಸಿಕೊಳ್ಳಬಹುದು.

ಆಂಡ್ರಾಯ್ಡ್ ಟಿವಿ ಇದ್ದವರು ವಿಎಲ್‌ಸಿ ಎಂಬ ಪುಕ್ಕಟೆ ಪ್ಲೇಯರ್ ಹಾಕಿಕೊಂಡರೆ ಈ ಕೋಡೆಕ್‌ಗಳ ಗೋಳಿನಲ್ಲಿ ಬಹುಪಾಲು ತಾನಾಗಿ ಕಳೆಯುತ್ತದೆ. ಫ್ರಾನ್ಸಿನ ವಿಡಿಯೊಲ್ಯಾನ್ ಸಂಸ್ಥೆಯ ಈ ಪ್ಲೇಯರ್ ವ್ಯಾಯಾಮಕ್ಕೆಂದೇ ಮಾಡಿದ್ದೇನಲ್ಲವಾದರೂ, ವೇಗವನ್ನು ಮುಕ್ಕಾಲಿಗೆ ಇಳಿಸಿ ಕಠಿಣ ಚಲನೆಯನ್ನು ನಿಧಾನವಾಗಿ ನೋಡಲು ಇದರಲ್ಲಿ ಬರುತ್ತದೆ. ಕಂಪ್ಯೂಟರಿನ ಆವೃತ್ತಿಯಲ್ಲಿ ಆಯ್ದ ಒಂದು ತುಣುಕನ್ನೇ ಮತ್ತೆ ಮತ್ತೆ ಓಡಿಸುವ, ಚಿತ್ರವನ್ನು ಕನ್ನಡಿಯಂತೆ ಎಡಬಲ ಹೊರಳಿಸುವ ಸೌಲಭ್ಯಗಳೂ ಇವೆ. ಎದುರಿಗೆ ನಿಂತ ಶಿಕ್ಷಕಿ ‘ಬಲಗೈ’ ಎಂದಾಗ ಪರದೆಯಲ್ಲಿ ಎಡಕ್ಕೆ ಕಾಣುವ ಕೈಯನ್ನು ನೋಡಿ ಎಡವುವ ಹೊಸಬರಿಗೆ ಈ ಕೊನೆಯದು ಬಹಳ ಉಪಕಾರಿ.

ಚಿಕ್ಕದೆಂದು ಕಂಡರೂ ದಿನವೂ ಕಾಡುವ ಸಂಗತಿಯೊಂದು ಕಡತಗಳ ಹೆಸರಿನದು. ‘ದಿನ 1’, ‘ದಿನ 2’ ಎಂದು ಮೂವತ್ತರವರೆಗೆ ಹೆಸರಿಟ್ಟಿದ್ದರೆ ಎಷ್ಟೋ ಟಿವಿಗಳು ಅಂಕಿಯನ್ನು ಸಂಖ್ಯೆಯೆಂದು ಎಣಿಸದೆ ಅಕ್ಷರವೆಂದು ಎಣಿಸುವುದರಿಂದ, 1ರ ಮುಂದೆ 10, 11, 12 ಎಂದು ಹೋಗಿ 19 ಮುಗಿದ ಮೇಲೆ 2ನ್ನು ತೋರಿಸುತ್ತವೆ. ಮೊದಲ ದಿನದ ಹಗುರ ಅಭ್ಯಾಸ ಮುಗಿಸಿದವರ ಮುಂದೆ ತಾನಾಗಿ ಹತ್ತನೆಯ ದಿನದ ಕಠಿಣ ಪಾಠ ತೆರೆದುಕೊಳ್ಳುತ್ತದೆ. 01, 02, 03 ಎಂದು ಎರಡಂಕಿಯಲ್ಲಿ ಹೆಸರು ಬದಲಿಸಿಟ್ಟರೆ ಈ ಅಧ್ವಾನವಿಲ್ಲ. ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಟಿವಿಗಳಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಮೂಡುತ್ತವೆ. ಕನ್ನಡ ಉಪಶೀರ್ಷಿಕೆಯ ಕಡತವಿದ್ದರೆ ಅದಕ್ಕೂ ಇದೇ ಗತಿ ಬರಬಹುದಾದ್ದರಿಂದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂಬುದನ್ನು ಒಂದು ಪಾಠ ಹಾಕಿ ಮೊದಲೇ ನೋಡಿಕೊಳ್ಳಬೇಕು. ಉಪಶೀರ್ಷಿಕೆಯ ಕಡತಕ್ಕೂ ವಿಡಿಯೊಗೂ ಹೆಸರು ಒಂದೇ ಆಗಿರಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಟಿವಿಗೆ ಅದು ಸಿಗುವುದಿಲ್ಲ.

ಪೆನ್‌ಡ್ರೈವ್ ಬದಲು ದೊಡ್ಡ ಹಾರ್ಡ್‌ಡಿಸ್ಕ್ ಸಿಕ್ಕಿಸುವವರಿಗೆ ಒಂದು ಎಚ್ಚರಿಕೆ: ಯುಎಸ್‌ಬಿ 2.0 ಕಿಂಡಿಯ ನಿಗದಿತ ಸಾಮರ್ಥ್ಯ ಅರ್ಧ ಆಂಪಿಯರ್ ಮಾತ್ರವಾಗಿರುವುದರಿಂದ ಡಿಸ್ಕ್ ತಿರುಗಲಾರದೆ ಟಿಕ್ ಟಿಕ್ ಎಂದು ನಿಂತುಬಿಡುವುದುಂಟು. ಬ್ಲೂಟೂತ್ ಸ್ಪೀಕರ್ ಜೋಡಿಸುವವರು ಧ್ವನಿ ಚಿತ್ರಕ್ಕಿಂತ ಕೊಂಚ ಹಿಂದೆ ಬೀಳುವುದನ್ನು ಗಮನಿಸಬೇಕು. ಎಣಿಕೆಗೆ ತಕ್ಕಂತೆ ಜಿಗಿಯುವ ಅಭ್ಯಾಸದಲ್ಲಿ ಇದು ಗೊತ್ತಾಗುವಷ್ಟು ತೊಡಕು ಕೊಡುತ್ತದೆ, ತಂತಿಯ ಸ್ಪೀಕರ್‌ನಲ್ಲಿ ಈ ಬಾಧೆಯಿಲ್ಲ.

ಆ್ಯಪ್‌ನೊಳಗಿನ ವಿಡಿಯೊ ದೊಡ್ಡ ಪರದೆಗೆ

ಅನುಮತಿಯ ರೂಪದಲ್ಲಿ ಕೊಂಡ ವಿಡಿಯೊವನ್ನು ಟಿವಿಗೆ ತರುವ ಮುಖ್ಯ ದಾರಿ ‘ಕಾಸ್ಟ್’ ಮಾಡುವುದು. ಇದರ ಬಗ್ಗೆ ಒಂದು ತಪ್ಪು ಗ್ರಹಿಕೆ ವ್ಯಾಪಕವಾಗಿದೆ: ಮೊಬೈಲಿಗೆ ಇಳಿಸಿಕೊಂಡ ಪಾಠವನ್ನು ಕಾಸ್ಟ್ ಮಾಡಿದರೆ ಡೇಟಾ ಉಳಿಯುತ್ತದೆಂದು ಹಲವರು ನಂಬಿರುತ್ತಾರೆ. ವಾಸ್ತವದಲ್ಲಿ ಇಂಥ ಆ್ಯಪ್‌ಗಳಲ್ಲಿ ಕಾಸ್ಟ್ ಮಾಡಿದಾಗ ಮೊಬೈಲ್ ರಿಮೋಟ್‌ನ ಕೆಲಸವನ್ನಷ್ಟೇ ಮಾಡುತ್ತದೆ. ವಿಡಿಯೊವನ್ನು ಟಿವಿಯೇ ನೇರವಾಗಿ ನೆಟ್‌ನಿಂದ ಎಳೆದುಕೊಳ್ಳುವುದರಿಂದ ಅದೇ ಪಾಠಕ್ಕೆ ಡೇಟಾ ಎರಡನೆಯ ಸಲ ಖರ್ಚಾಗುತ್ತದೆ. ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಟಿವಿ ನಡೆಸುವವರ ದಿನದ ಮಿತಿ ಅಭ್ಯಾಸದ ನಡುವೆಯೇ ಮುಗಿದುಹೋಗುವುದಕ್ಕೆ ಮುಖ್ಯ ಕಾರಣ ಇದೇ. ಟಿವಿಗೂ ಅದೇ ಆ್ಯಪ್ ಇದ್ದು, ಅದರಲ್ಲಿ ಕಡಿಮೆ ಸ್ಪಷ್ಟತೆಯನ್ನು ಆರಿಸಿಕೊಳ್ಳಲು ಬರುವಂತಿದ್ದರೆ ಮೊಬೈಲನ್ನು ಬಿಟ್ಟು ಅದನ್ನೇ ಬಳಸಿ ಖರ್ಚನ್ನು ಇಳಿಸಬಹುದು.

ಮೊಬೈಲಿನ ಪರದೆಯನ್ನೇ ಟಿವಿಯಲ್ಲಿ ಮೂಡಿಸುವ ‘ಸ್ಕ್ರೀನ್ ಮಿರರಿಂಗ್’ ಬೇರೆಯೇ ವಿಧಾನ. ಮಿರಾಕಾಸ್ಟ್ ತಂತ್ರದಲ್ಲಿ ಮೊಬೈಲೂ ಟಿವಿಯೂ ನೇರವಾಗಿ ಮಾತಾಡಿಕೊಳ್ಳುವುದರಿಂದ ಇದಕ್ಕೆ ನೆಟ್ ಬೇಕಿಲ್ಲ, ಬೀಗವಿಲ್ಲದ ಕಡತ ಚೆನ್ನಾಗಿಯೇ ಓಡುತ್ತದೆ. ಬೀಗವಿರುವ ಆ್ಯಪ್ ತೆರೆದರೆ ಧ್ವನಿ ಬಂದು ಚಿತ್ರ ಕಪ್ಪಾಗುವುದು ಸಾಮಾನ್ಯ. ಅದು ಕೆಟ್ಟುಹೋದ ಲಕ್ಷಣವಲ್ಲ, ಮಾರಿದವರು ಬೇಕೆಂದೇ ಹಾಕಿದ ತಡೆ. ತಂತಿಯಿಂದ ಜೋಡಿಸಿದರಾಯಿತೆಂದು ಅಂಗಡಿಯಿಂದ ಎಚ್‌ಡಿಎಂಐ ಕೇಬಲ್ ತರುವವರು, ಕಡಿಮೆ ಬೆಲೆಯ ಬಹುತೇಕ ಮೊಬೈಲ್‌ಗಳ ಚಾರ್ಜರ್ ಕಿಂಡಿಯಿಂದ ಚಿತ್ರ ಹೊರಬರುವ ಏರ್ಪಾಟೇ ಇರುವುದಿಲ್ಲವೆಂಬುದನ್ನು ತಿಳಿದಿರಲಿ. ಲ್ಯಾಪ್‌ಟಾಪ್‌ಗಳಲ್ಲಿ ಈ ಚಿಂತೆ ಕಡಿಮೆ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಕಲ್ಲುಗೋಡೆಗಳು ಬೇಸಿಗೆಯ ಝಳವನ್ನು ತಡೆಯುವಷ್ಟೇ ಸಮರ್ಥವಾಗಿ ವೈಫೈಯನ್ನೂ ತಡೆಯುತ್ತವೆ. ರೂಟರ್‌ಗಳಲ್ಲಿರುವ 5 ಗಿಗಾಹರ್ಟ್ಸ್ ತರಂಗ ವೇಗವಾದರೂ ಗೋಡೆ ದಾಟುವುದರಲ್ಲಿ ದುರ್ಬಲ, 2.4 ಗಿಗಾಹರ್ಟ್ಸ್ ನಿಧಾನವಾದರೂ ಹೆಚ್ಚು ಒಳಹೋಗುತ್ತದೆ, ಮತ್ತು 720ಪಿಗೆ ಆ ವೇಗ ಸಾಕು. ರೂಟರನ್ನು ಟಿವಿ ಇರುವ ಪಡಸಾಲೆಗೇ ತರುವುದು ಇನ್ನೂ ಒಳ್ಳೆಯದು. ಕರೆಂಟ್ ಹೋದಾಗ ರೂಟರ್ ಆರದಂತೆ ಚಿಕ್ಕ ಬ್ಯಾಟರಿ ಬ್ಯಾಕಪ್ ಸಿಗುತ್ತದೆಯಾದರೂ ಟಿವಿಯೇ ಆರಿರುವಾಗ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಅಂಥ ಬೆಳಗಿಗೆಂದು ಎರಡು ಮೂರು ಪಾಠಗಳನ್ನು ಮೊಬೈಲಿನಲ್ಲಿಯೂ ಇಟ್ಟಿರಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಚಾರ್ಜಿಗೆ ಹಾಕಿಕೊಂಡೇ ವಿಡಿಯೊ ಓಡಿಸಿದರೆ ಮೊಬೈಲ್ ಕಾದು ಪರದೆ ತಾನಾಗಿ ಮಂಕಾಗುತ್ತದೆ, ಕೆಲವೊಮ್ಮೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ಮೊದಲೇ ಚಾರ್ಜ್ ಮಾಡಿಟ್ಟು ಬಳಸುವುದೇ ಇದಕ್ಕೆ ಪರಿಹಾರ.

ಹಳೆಯ ಡಿಸ್ಕ್, ಹೊಸ ಹಂಚಿಕೆ

ಟ್ರಂಕಿನಲ್ಲೋ ಅಲಮಾರಿನಲ್ಲೋ ಉಳಿದಿರುವ ಯೋಗದ ವಿಸಿಡಿಗಳು ಇಂದೂ ನಿರುಪಯುಕ್ತವಲ್ಲ. ವಿಸಿಡಿಯನ್ನು ಕಂಪ್ಯೂಟರಿನ ಡ್ರೈವ್‌ಗೆ ಹಾಕಿದಾಗ ಕಾಣುವ ‘ಡ್ಯಾಟ್’ ಕಡತ ವಾಸ್ತವದಲ್ಲಿ ಎಂಪಿಇಜಿ-1 ವಿಡಿಯೊ ಆಗಿದ್ದು ವಿಎಲ್‌ಸಿಯಲ್ಲಿ ನೇರವಾಗಿ ಓಡುತ್ತದೆ. ಚಿತ್ರ 352 ಗುಣಿಸು 288 ಬಿಂದುಗಳಷ್ಟೇ ಇರುವುದರಿಂದ ದೊಡ್ಡ ಟಿವಿಯಲ್ಲಿ ಮೊಬ್ಬಾಗಿ ಕಾಣುವುದು ಅನಿವಾರ್ಯ. ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಡಿವಿಡಿ ಇಲ್ಲಿನ ಪ್ಲೇಯರ್‌ನಲ್ಲಿ ಓಡದಿದ್ದರೆ ಅದಕ್ಕೆ ಪ್ರದೇಶ ಸಂಕೇತ ಕಾರಣ: ಡಿವಿಡಿ ಲೋಕದ ವಿಂಗಡಣೆಯಲ್ಲಿ ಅಮೆರಿಕ 1ನೆಯ ಪ್ರದೇಶ, ಭಾರತ 5ನೆಯದು. ಯುಎಸ್‌ಬಿ ಕಿಂಡಿ ಇರುವ ಹಳೆಯ ಡಿವಿಡಿ ಪ್ಲೇಯರ್‌ಗಳ ಪೈಕಿ ಹೆಚ್ಚಿನವು ಎಚ್.264 ಹುಟ್ಟುವ ಮೊದಲಿನ ಕೋಡೆಕ್‌ಗಳನ್ನಷ್ಟೇ ಬಲ್ಲವಾದ್ದರಿಂದ ಹೊಸ ಕಡತಗಳನ್ನು ಅವುಗಳಿಗೆ ಉಣಿಸಲು ಹೋಗುವುದು ವ್ಯರ್ಥ ಶ್ರಮ.

ಕೊಂಡ ಕಡತವನ್ನು ಮನೆಯೊಳಗೆ ಮೊಬೈಲ್, ಲ್ಯಾಪ್‌ಟಾಪ್, ಪೆನ್‌ಡ್ರೈವ್‌ಗಳಲ್ಲಿ ಇಟ್ಟುಕೊಂಡು ನೋಡುವುದಕ್ಕೂ ಅದನ್ನು ಹಂಚುವುದಕ್ಕೂ ಕಾನೂನಿನಲ್ಲಿ ಗೆರೆಯಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಖಾಸಗಿ ಅಥವಾ ಸ್ವಂತ ಬಳಕೆಯ ನ್ಯಾಯಯುತ ವ್ಯವಹಾರಕ್ಕೆ ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಎರಡು ವರ್ಷದವರೆಗಿನ ಸೆರೆವಾಸಕ್ಕೂ ದಂಡಕ್ಕೂ ಗುರಿಯಾಗುವ ಅಪರಾಧವೆಂದಿದೆ. ಒಬ್ಬರು ಕೊಂಡ ಪಾಠವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಹಣ ಪಡೆಯುವ ಜಿಮ್‌ನ ಟಿವಿಯಲ್ಲಿ ಎಲ್ಲರಿಗೂ ಓಡಿಸುವುದು ಸ್ವಂತ ಬಳಕೆಯಾಗಲಾರದು. ಜಿಮ್ ನಡೆಸುವವರು ಮಾರಾಟಗಾರರಿಂದ ಪ್ರತ್ಯೇಕ ಪರವಾನಗಿ ಕೇಳಿ ಪಡೆಯಬೇಕು. ಹಾಡು, ಸಿನಿಮಾ ತುಂಬಿಸಿಕೊಡುವ ಮೊಬೈಲ್ ಅಂಗಡಿಗಳಲ್ಲಿ ವ್ಯಾಯಾಮದ ವಿಡಿಯೊಗಳನ್ನೂ ಮೆಮೊರಿ ಕಾರ್ಡಿಗೆ ಹಾಕಿಸಿಕೊಳ್ಳುವವರು ಕೃತಿಸ್ವಾಮ್ಯದ ಪ್ರಶ್ನೆಯ ಜೊತೆಗೆ, ಹತ್ತಾರು ಮೊಬೈಲ್‌ಗಳಿಗೆ ತಗಲಿದ ಕಂಪ್ಯೂಟರಿನಿಂದ ವೈರಸ್ ತಂದುಕೊಳ್ಳುವ ಅಪಾಯವನ್ನೂ ಹೊರುತ್ತಾರೆ.

ಹಣ ಹೋಗಿ ವಿಡಿಯೊ ಬಾರದಿದ್ದರೆ ಮೊದಲು ಮಾರಿದ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ, ಪಾವತಿಯ ಸಂಖ್ಯೆಯನ್ನೂ ಪರದೆಯ ಚಿತ್ರವನ್ನೂ ಸೇರಿಸಿ ಬರೆಯಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳಂತೆ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಾರಾಟಗಾರನೇ ಸುಳ್ಳು, ಅರ್ಧ ಬೆಲೆಯ ಆಸೆ ತೋರಿಸಿದ ಲಿಂಕ್ ಮೋಸದ್ದು ಎಂದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೈಬರ್ ವಂಚನೆಯ ಈ ಸಹಾಯವಾಣಿಗೆ ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಕೊನೆಯದಾಗಿ ಖಾತೆಯ ವಿಷಯ. ಅನುಮತಿಯ ಖರೀದಿಗಳೆಲ್ಲ ಒಂದು ಮೊಬೈಲ್ ಸಂಖ್ಯೆಗೋ ಇ-ಮೇಲ್‌ಗೋ ಅಂಟಿಕೊಂಡಿರುತ್ತವೆ. ಹೊಸ ಮೊಬೈಲಿನಲ್ಲಿ ಆ್ಯಪ್ ತೆರೆದಾಗ ಓಟಿಪಿ ಹೋಗುವುದು ಆ ಸಂಖ್ಯೆಗೇ. ದುಡಿಯಲು ಗೋವೆಗೋ ಪುಣೆಗೋ ಹೋದಲ್ಲಿ ಹೊಸ ಸಿಮ್ ಕೊಂಡು ಹಳೆಯದನ್ನು ರೀಚಾರ್ಜ್ ಮಾಡಿಸದೆ ಬಿಟ್ಟರೆ ಕೆಲ ತಿಂಗಳಲ್ಲಿ ಅದು ರದ್ದಾಗಿ, ಮುಂದೆ ಬೇರೊಬ್ಬರ ಪಾಲಾಗುತ್ತದೆ, ಮತ್ತು ಓಟಿಪಿಯೂ ಅವರಿಗೇ ಹೋಗುತ್ತದೆ. ಆದ್ದರಿಂದ ಸಂಖ್ಯೆ ಬದಲಿಸುವ ಮುನ್ನ, ಹಳೆಯ ಸಿಮ್ ಇನ್ನೂ ಚಾಲ್ತಿಯಲ್ಲಿರುವಾಗಲೇ, ಆ್ಯಪ್‌ನ ಖಾತೆಯಲ್ಲಿ ಹೊಸ ಸಂಖ್ಯೆಯನ್ನು ನೋಂದಾಯಿಸಬೇಕು. ಮನೆಮಂದಿಯೆಲ್ಲ ಬಳಸುವ ಖಾತೆಯಾದರೆ ಊರಲ್ಲಿಯೇ ಇರುವವರ ಸಂಖ್ಯೆಯಲ್ಲಿ ಅದನ್ನು ತೆರೆಯುವುದು ಮೊದಲಿನಿಂದಲೇ ಸೂಕ್ತ. ಕಡತ ಕೊಂಡವರಿಗೆ ಈ ಉಪದ್ರವ ಇಲ್ಲ. ಅವರು ಮಾಡಬೇಕಾದದ್ದು ಎರಡನೆಯ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ತೆಗೆದಿಡುವುದಷ್ಟೇ.